ಮಲಗಿದವರ ಕಣ್ಣಿಗೊಂದು ದೀಪ

ಹೆಲ್ಸಿಂಕಿಯಿಂದ ಟುರ್ಕುವಿಗೆ ರೈಲಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆಯ ದಾರಿ. ನವೆಂಬರ್ ನಡುವಿಗೆ ಫಿನ್‌ಲೆಂಡಿನ ಈ ಭಾಗದಲ್ಲಿ ಬೆಳಗಾಗುವುದೇ ಎಂಟು ಗಂಟೆ ದಾಟಿದ ಮೇಲೆ. ಮಧ್ಯಾಹ್ನ ನಾಲ್ಕಾಗುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ನಡುವಿನ ಅಷ್ಟು ಹೊತ್ತಿನಲ್ಲೂ ಅವನು ನೆತ್ತಿಗೆ ಏರುವುದಿಲ್ಲ, ಮರಗಳ ತುದಿಯ ಮಟ್ಟದಲ್ಲೇ ಓರೆಯಾಗಿ ಸಾಗಿ ಇಳಿದುಬಿಡುತ್ತಾನೆ. ರೈಲಿನ ಕಿಟಕಿಯಲ್ಲಿ ಕಪ್ಪು ಹಸಿರಿನ ಪೈನ್ ಮತ್ತು ಸ್ಪ್ರೂಸ್ ಮರಗಳ ಸಾಲು, ಅವುಗಳ ನಡುನಡುವೆ ಎಲೆಯುದುರಿಸಿ ನಿಂತ ಬರ್ಚ್. ಬರ್ಚಿನ ತೊಗಟೆ ಬಿಳಿ. ಓರೆ ಬಿಸಿಲು ಬಿದ್ದಾಗ ಆ ಕಾಡಿನೊಳಗೆ ಅದೊಂದೇ ಬೆಳಗುತ್ತದೆ. ಫಿನ್‌ಲೆಂಡಿನ ನೆಲದಲ್ಲಿ ಮುಕ್ಕಾಲು ಪಾಲು ಕಾಡು, ಆ ಕಾಡಿನಲ್ಲಿ ಬರ್ಚ್ ತೀರಾ ಮಾಮೂಲಿ ಮರ. ಒಲೆಗೆ ಹಾಕುತ್ತಾರೆ, ಸೌನಾದಲ್ಲಿ ಮೈಗೆ ಬಡಿದುಕೊಳ್ಳಲು ಅದರ ಸೊಪ್ಪಿನ ಕಟ್ಟು ಮಾಡಿಕೊಳ್ಳುತ್ತಾರೆ, ಪ್ಲೈವುಡ್ ಮಾಡುತ್ತಾರೆ. ಆ ಮಾಮೂಲಿ ಮರವನ್ನು ಬಗ್ಗಿಸಲು ಕಲಿತವರ ಊರಿಗೆ ನಾನು ಹೊರಟಿದ್ದೆ.

ಕಾರಣ ಅಮ್ಮ. ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವಳಿಗೆ ಅಕ್ಷರ ಮತ್ತೆ ಸ್ಪಷ್ಟವಾಯಿತು, ಆದರೆ ಬಲ್ಬಿನ ನೇರ ಬೆಳಕು ಚುಚ್ಚತೊಡಗಿತು. ರಾತ್ರಿ ಹಾಸಿಗೆಯಲ್ಲಿ ಒರಗಿಕೊಂಡು ಓದುವುದು ಅವಳು ಮದುವೆಯಾಗಿ ಬಂದಂದಿನಿಂದ ಬಿಡದ ಅಭ್ಯಾಸ. ಅಂಗಡಿಯಿಂದ ತಂದ ಮೇಜುದೀಪವನ್ನು ಹೇಗೆ ತಿರುಗಿಸಿಟ್ಟರೂ ಬಲ್ಬು ಅವಳ ಕಣ್ಣಿಗೇ ಬೀಳುತ್ತಿತ್ತು. ಆ ದೀಪಗಳೆಲ್ಲ ಕುರ್ಚಿಯಲ್ಲಿ ನೆಟ್ಟಗೆ ಕೂತವರ ಕಣ್ಣಿನ ಎತ್ತರಕ್ಕೆ ಮಾಡಿದವು. ಮಲಗಿದವರು ಅವನ್ನು ಕೆಳಗಿನಿಂದ ನೋಡುತ್ತಾರೆ, ಶೇಡಿನ ಬಾಯೊಳಗೆ ನೇರವಾಗಿ. ಮನೆಯ ಮಹಡಿಯಲ್ಲಿ ತಗಡಿನ ಚಪ್ಪರದಡಿ ಬಿಡುವಾದಾಗ ಮರಗೆಲಸ ಮಾಡುವವಳು ನಾನು. ಮಂಚದ ಹಿಂದಿನಿಂದ ಎದ್ದು, ತಲೆಯ ಮೇಲಕ್ಕೆ ಬಂದು, ಅಲ್ಲಿ ಬಾಗಿ, ಬಲ್ಬನ್ನು ತನ್ನ ಮರೆಯಲ್ಲೇ ಇಟ್ಟುಕೊಳ್ಳುವ ಮರದ ದೀಪವೊಂದನ್ನು ಮಾಡಬೇಕೆಂದು ಮನಸ್ಸು ಮಾಡಿದೆ. ಅಂಥ ಬಾಗು ಬೇಕೆಂದರೆ ಮರವನ್ನು ತೆಳ್ಳಗಿನ ಪದರಗಳಾಗಿ ಅಂಟಿಸಿ ಬಗ್ಗಿಸಬೇಕು. ಆ ಕೆಲಸದ ಹಿಂದೆ ಬಿದ್ದವರಿಗೆ ಬೇಗನೆ ಎದುರಾಗುವ ಹೆಸರು ಅಲ್ವಾರ್ ಆಲ್ಟೊ.

ತಂಗಿಯ ಮಗಳು ಹೆಲ್ಸಿಂಕಿಯ ಪಕ್ಕದ ಎಸ್ಪೊದಲ್ಲಿ ಕೆಲಸಕ್ಕಿದ್ದಾಳೆ. "ದೊಡ್ಡಮ್ಮ, ಬೇಸಿಗೇಲಿ ಬಾ, ರಾತ್ರಿ ಹತ್ತು ಗಂಟೆಗೂ ಬೆಳಕಿರತ್ತೆ" ಎಂದಳು. "ದೀಪ ನೋಡೋಕೆ ಬರ್ತಿರೋದು ಕಣೇ, ಕತ್ತಲಿರುವಾಗಲೇ ಬರ್ತೀನಿ" ಎಂದೆ.

ಟುರ್ಕು ಫಿನ್‌ಲೆಂಡಿನ ಅತಿ ಹಳೆಯ ಪಟ್ಟಣ. 1812ರಲ್ಲಿ ರಾಜಧಾನಿಯ ಪಟ್ಟ ಹೆಲ್ಸಿಂಕಿಗೆ ಹೋಗುವವರೆಗೆ ದೇಶದ ಮುಖ್ಯ ಊರು ಇದೇ ಆಗಿತ್ತು. ಔರಾ ನದಿ ಊರ ನಡುವೆ ನಿಧಾನವಾಗಿ ಹರಿಯುತ್ತದೆ. ಅದರ ದಡದ ಹತ್ತಿರವೇ ಇಟ್ಟಿಗೆಯ ಹಳೆಯ ಕೆಥೆಡ್ರಲ್. ಆಲ್ಟೊ ಮತ್ತು ಅವರ ಹೆಂಡತಿ ಐನೊ 1927ರಲ್ಲಿ ಇಲ್ಲಿಗೆ ಬಂದು ನೆಲೆಸಿದರು. ಇಬ್ಬರೂ ವಾಸ್ತುಶಿಲ್ಪಿಗಳು, ಇಬ್ಬರಿಗೂ ಇನ್ನೂ ಮೂವತ್ತರ ಆಸುಪಾಸಿನ ವಯಸ್ಸು. ಈ ಊರಿನಲ್ಲಿ ಅವರಿಗೆ ಒಟ್ಟೊ ಕೊರ್ಹೊನೆನ್ ಎಂಬ ಪೀಠೋಪಕರಣ ಕಾರ್ಖಾನೆಯ ಮುಖ್ಯಸ್ಥನ ಪರಿಚಯವಾಯಿತು. ಕೊರ್ಹೊನೆನ್ ಮರದ ಗುಣ ಬಲ್ಲವನು. ಆಲ್ಟೊ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದರು, ಕೊರ್ಹೊನೆನ್ ಅದನ್ನು ಕಾರ್ಖಾನೆಯಲ್ಲಿ ಮಾಡಿ ನೋಡುತ್ತಿದ್ದ, ಮರ ಎಲ್ಲಿ ಒಪ್ಪುತ್ತದೆ ಎಲ್ಲಿ ಸೀಳುತ್ತದೆ ಎಂದು ತೋರಿಸುತ್ತಿದ್ದ, ಗೆರೆ ಮತ್ತೆ ಬದಲಾಗುತ್ತಿತ್ತು. 1920ರ ದಶಕದ ಕೊನೆಯಲ್ಲಿ ಶುರುವಾದ ಈ ಒಡನಾಟ 1935ರಲ್ಲಿ ಕೊರ್ಹೊನೆನ್ ತೀರಿಕೊಳ್ಳುವವರೆಗೆ ನಡೆಯಿತು.

ಆಗ ಯುರೋಪಿನ ಹೊಸ ಮನೆಗಳಿಗೆ ಉಕ್ಕಿನ ಕೊಳವೆಯನ್ನು ಬಗ್ಗಿಸಿ ಮಾಡಿದ ಕುರ್ಚಿಗಳು ಬಂದಿದ್ದವು. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಮಾರ್ಸೆಲ್ ಬ್ರಾಯರ್ 1925ರಲ್ಲಿ ಮಾಡಿದ ಕುರ್ಚಿಯಿಂದ ಅದಕ್ಕೆ ಹೆಸರು ಬಂದಿತ್ತು. ಆಲ್ಟೊಗೂ ಅದರ ಹಗುರ, ಅದರ ತೆಳುಗೆರೆ ಇಷ್ಟವೇ. ಆದರೆ ಉಕ್ಕು ಮೈಗೆ ತಣ್ಣಗೆ ತಾಗುತ್ತದೆ, ಬೆಳಕನ್ನು ಮಿರುಗಿಸಿ ಕಣ್ಣಿಗೆ ಹೊಡೆಯುತ್ತದೆ, ಸದ್ದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ ಎಂಬುದು ಅವರ ತಕರಾರು. ಆರು ತಿಂಗಳು ಚಳಿ ಇರುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ಕೊಳವೆಯಂತೆಯೇ ಹರಿಯುವ ಗೆರೆಯನ್ನು ಮರದಲ್ಲಿ ತರಬೇಕೆಂದು ಅವರು ಹೊರಟದ್ದು ಅದಕ್ಕಾಗಿ. ಅದು ಕೈಗೂಡಿದ ಜಾಗ ಒಂದು ಆಸ್ಪತ್ರೆ.

ಪೈಮಿಯೊ ಟುರ್ಕುವಿನ ಪೂರ್ವಕ್ಕೆ, ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿದೆ. ಪೇಟೆಯಿಂದಾಚೆ ಪೈನ್ ಕಾಡಿನ ನಡುವೆ ರಸ್ತೆ ತಿರುಗಿದೊಡನೆ ಬಿಳಿಯ ಉದ್ದನೆಯ ಕಟ್ಟಡ ಎದುರಾಗುತ್ತದೆ. 1929ರಲ್ಲಿ ಸ್ಪರ್ಧೆಯೊಂದನ್ನು ಗೆದ್ದು ಆಲ್ಟೊ ಕಟ್ಟಿದ ಕ್ಷಯರೋಗಿಗಳ ಆಸ್ಪತ್ರೆ ಇದು, ತೆರೆದದ್ದು 1933ರಲ್ಲಿ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಅಲ್ಲಿಯವರೆಗೆ ರೋಗಿಗೆ ಕೊಡಲು ಇದ್ದದ್ದು ಬಿಸಿಲು, ಚೊಕ್ಕ ಗಾಳಿ, ಊಟ, ವಿಶ್ರಾಂತಿ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಮಲಗಿಯೇ ಇರಬೇಕು. ಹಾಗಾಗಿ ಕಟ್ಟಡವೇ ಮದ್ದಾಗಬೇಕಿತ್ತು. ಕಟ್ಟಡದ ಒಂದು ತುದಿಯಲ್ಲಿ ಮಹಡಿ ಮಹಡಿಗೂ ಉದ್ದನೆಯ ಜಗಲಿಗಳು; ಚಳಿಗಾಲದಲ್ಲೂ ರೋಗಿಗಳನ್ನು ಕಂಬಳಿ ಹೊದಿಸಿ ಅಲ್ಲಿ ಸಾಲಾಗಿ ಮಲಗಿಸುತ್ತಿದ್ದರಂತೆ.

ಮೊದಲೇ ಹೆಸರು ಕೊಟ್ಟಿದ್ದರಿಂದ ಮಾರ್ಗದರ್ಶಿಯೊಬ್ಬರು ನನಗಾಗಿ ಕಾದಿದ್ದರು. ಬಾಗಿಲು ದಾಟಿದೊಡನೆ ಕಣ್ಣಿಗೆ ಬಿದ್ದದ್ದು ಹಳದಿ. ಮೆಟ್ಟಿಲುಗಳೆಲ್ಲ ಗಾಢ ಹಳದಿ. ಹೊರಗೆ ಮೋಡ ಮುಚ್ಚಿದ್ದರೂ ಒಳಗೆ ಎಳೆಬಿಸಿಲು ಬಿದ್ದಿದೆಯೆನಿಸುವ ಬಣ್ಣ. ಇಬ್ಬರಿಗೆಂದು ಮಾಡಿದ ರೋಗಿಯ ಕೋಣೆಯನ್ನು ಮೊದಲಿದ್ದಂತೆಯೇ ಉಳಿಸಿದ್ದಾರೆ. ಒಬ್ಬ ರೋಗಿ ಕೈ ತೊಳೆದರೆ ಇನ್ನೊಬ್ಬನಿಗೆ ಎಚ್ಚರವಾಗಬಾರದೆಂದು ಬೇಸಿನ್ನಿನ ತಳಕ್ಕೆ ವಿಶೇಷವಾದ ಇಳಿಜಾರು. ನೀರು ಅದರ ಮೇಲೆ ಸದ್ದಿಲ್ಲದೆ ಜಾರುತ್ತದೆ. ಬಾಗಿಲ ಹಿಡಿ ಒಳಕ್ಕೆ ಬಾಗಿದೆ, ಓಡಾಡುವ ವೈದ್ಯರ ಕೋಟಿನ ತೋಳು ಸಿಕ್ಕಿಕೊಳ್ಳದಂತೆ. ಚಾವಣಿಗೆ ಮೆದುವಾದ ಹಸಿರು, ಏಕೆಂದರೆ ಮಲಗಿದವನ ಪಾಲಿಗೆ ಚಾವಣಿಯೇ ಎದುರಿನ ಗೋಡೆ.

ನಾನು ಮಂಚದ ಪಕ್ಕ ಮಂಡಿಯೂರಿ ದಿಂಬಿನ ಮಟ್ಟಕ್ಕೆ ಕಣ್ಣು ತಂದು ಸುತ್ತ ನೋಡಿದೆ. ಕೋಣೆಯಲ್ಲಿ ಬೆಳಕಿತ್ತು, ಬೆಳಕಿನ ಮೂಲ ಎಲ್ಲೂ ಕಾಣಲಿಲ್ಲ. ಅದು ರೋಗಿಯ ತಲೆಯ ಹಿಂದೆ, ಅವನ ನೋಟಕ್ಕೆ ಸಿಗದ ಕಡೆ ಇದೆ. ಕಟ್ಟಡಗಳನ್ನು ಮಾಮೂಲಾಗಿ ನಿಂತ ಮನುಷ್ಯನಿಗೆಂದು ಕಟ್ಟುತ್ತಾರೆ, ಇದನ್ನು ಮಲಗಿದ ಮನುಷ್ಯನಿಗೆಂದು ಕಟ್ಟಬೇಕು ಎಂಬುದು ಆಲ್ಟೊ ಹಿಡಿದ ತತ್ವ. ಈ ಆಸ್ಪತ್ರೆಯ ಕೆಲಸ ಕೈಗೆ ಬಂದ ಹೊತ್ತಿಗೆ ಅವರಿಗೂ ಕಾಯಿಲೆ ಬಂದು ಹಾಸಿಗೆಯಲ್ಲಿ ಮಲಗಿ ಚಾವಣಿಯ ದೀಪವನ್ನು ನೋಡುತ್ತಿರಬೇಕಾಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಬೆಂಗಳೂರಿನ ನಮ್ಮ ಮನೆಯ ಕೋಣೆಯಲ್ಲಿ ನಾನು ಕಟ್ಟಬೇಕಿದ್ದದ್ದಕ್ಕೆ ಅಳತೆ ಈ ಕೋಣೆಯಲ್ಲಿ ಸಿಕ್ಕಿತು. ದೀಪದ ಬಾಗು ಎಷ್ಟಿರಬೇಕೆಂದು ಹೇಳುವುದು ದಿಂಬಿನ ಮೇಲಿರುವ ಕಣ್ಣು.

ರೋಗಿಗಳು ಕೂರುತ್ತಿದ್ದ ಪಡಸಾಲೆಗೆಂದು ಮಾಡಿದ ಕುರ್ಚಿ ಈಗ ಪೈಮಿಯೊ ಕುರ್ಚಿಯೆಂದೇ ಪ್ರಸಿದ್ಧ. ಎರಡು ಪಕ್ಕದಲ್ಲೂ ಬರ್ಚ್ ಪದರಗಳನ್ನು ಅಂಟಿಸಿ ಬಗ್ಗಿಸಿದ ಮುಚ್ಚಿದ ಬಳೆ. ಅದೇ ಕಾಲು, ಅದೇ ಕೈ. ಅವೆರಡರ ನಡುವೆ ಒಂದೇ ಒಂದು ಪ್ಲೈವುಡ್ ಹಾಳೆ, ತಲೆಯ ಕಡೆ ಒಂದು ಸುರುಳಿ, ಮಂಡಿಯ ಕಡೆ ಒಂದು ಸುರುಳಿ. ಉಸಿರಾಟಕ್ಕೆ ಸಲೀಸಾಗಲೆಂದು ಬೆನ್ನನ್ನು ಹಿಂದಕ್ಕೆ ವಾಲಿಸಿದ್ದಾರೆ. ತಲೆಯ ಭಾಗದಲ್ಲಿ ಗಾಳಿಯಾಡಲು ಸೀಳುಗಳಿವೆ. ಮೆತ್ತೆಯಿಲ್ಲ, ಹೊಲಿಗೆಯಿಲ್ಲ, ಧೂಳು ಕೂರಲು ಸಂದಿಯಿಲ್ಲ. ಬಳೆಯ ಅಂಚಿಗೆ ಮುಖ ತಂದು ನೋಡಿದೆ. ಪದರಗಳು ಒಂದರ ಪಕ್ಕ ಒಂದು ಸಣ್ಣ ಗೆರೆಗಳಾಗಿ ನೇರ ಬರುತ್ತವೆ, ಬಾಗಿನಲ್ಲಿ ಒಟ್ಟಿಗೆ ತಿರುಗುತ್ತವೆ, ಮತ್ತೆ ನೇರವಾಗುತ್ತವೆ. ಎಲ್ಲೂ ಒಂದು ಗೆರೆ ಇನ್ನೊಂದನ್ನು ತುಳಿದಿಲ್ಲ. ತೊಂಬತ್ತು ವರ್ಷದ ಅಂಟು ಎಲ್ಲೂ ಬಾಯಿಬಿಟ್ಟಿಲ್ಲ.

ಇದರೊಳಗಿನ ಲೆಕ್ಕ ಸರಳ. ಮರದ ಹಲಗೆಯ ದಪ್ಪವನ್ನು ಅರ್ಧಕ್ಕಿಳಿಸಿದರೆ ಅದನ್ನು ಬಗ್ಗಿಸಲು ಬೇಕಾದ ಬಲ ಎಂಟನೇ ಒಂದಕ್ಕೆ ಇಳಿಯುತ್ತದೆ. ನಮ್ಮ ಮೇದಾರರು ಬಿದಿರನ್ನು ಸೀಳಿ ಸೀಳಿ ದಬ್ಬೆ ಮಾಡಿಕೊಂಡು ಬುಟ್ಟಿ, ಮೊರ ಹೆಣೆಯುವುದು ಈ ನೆಲೆಯ ಮೇಲೆಯೇ. ತೆಳುವಾದದ್ದು ಬಾಗುತ್ತದೆ, ಆದರೆ ಬಿಟ್ಟೊಡನೆ ನೆಟ್ಟಗಾಗುತ್ತದೆ. ಅದನ್ನು ಬಾಗಿದಂತೆಯೇ ನಿಲ್ಲಿಸುವುದು ಹೇಗೆ? ದಪ್ಪ ಪುಸ್ತಕವೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ, ಅಂಚು ಇಳಿಜಾರಾಗುತ್ತದೆ. ಆ ಸ್ಥಿತಿಯಲ್ಲಿ ಹಾಳೆಗಳ ನಡುವೆ ಅಂಟು ಹಾಕಿ ಒಣಗಿಸಿದರೆ ಅವು ಮತ್ತೆ ಹಿಂದಕ್ಕೆ ಜಾರಲಾರವು, ಪುಸ್ತಕ ಮತ್ತೆ ನೆಟ್ಟಗಾಗಲಾರದು. ಪದರಮರದ ಬಾಗು ನಿಲ್ಲುವುದು ಹೀಗೆ. ಅಚ್ಚಿನಿಂದ ತೆಗೆದಾಗ ಅದು ಕೊಂಚ ಬಿಚ್ಚಿಕೊಳ್ಳುತ್ತದೆ, ಅದಕ್ಕೂ ಲೆಕ್ಕವಿದೆ. ಸಮ ದಪ್ಪದ ಮೂರು ಪದರವಿದ್ದರೆ ಬಾಗಿನ ಒಂಬತ್ತನೇ ಒಂದು ಭಾಗದಷ್ಟು ಬಿಚ್ಚುತ್ತದೆ. ಹತ್ತು ಪದರವಿದ್ದರೆ ನೂರನೇ ಒಂದು ಭಾಗ. ಪದರ ಹೆಚ್ಚಿದಷ್ಟೂ ಬಾಗು ಕೊಟ್ಟ ಮಾತಿಗೆ ನಿಲ್ಲುತ್ತದೆ.

ಈ ವಿದ್ಯೆ ಆಲ್ಟೊರಿಂದಲೇ ಹುಟ್ಟಿದ್ದಲ್ಲ. ಅವರಿಗಿಂತ ನೂರು ವರ್ಷ ಹಿಂದೆ ಜರ್ಮನಿಯ ರೈನ್ ನದಿಯ ದಡದ ಬೊಪ್ಪಾರ್ಡ್ ಎಂಬ ಊರಿನಲ್ಲಿ ಮಿಖಾಯೆಲ್ ಥೋನೆಟ್ ಎಂಬ ಬಡಗಿ ತೆಳುಪಟ್ಟಿಗಳ ಕಟ್ಟನ್ನು ಬಿಸಿ ಅಂಟಿನಲ್ಲಿ ನೆನೆಸಿ ಅಚ್ಚಿಗೆ ಬಗ್ಗಿಸುತ್ತಿದ್ದ. ಅವನದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಅಂಟು. ತೇವದ ಹವೆಯಲ್ಲಿ ಅದು ಮೆತ್ತಗಾಗಿ ಬಿಡುತ್ತಿತ್ತು. ವಿಯೆನ್ನಾಕ್ಕೆ ಹೋದ ಮೇಲೆ ಅವನು ಇಡೀ ಬೀಚ್ ಕೋಲನ್ನೇ ಹಬೆಯಲ್ಲಿ ಬೇಯಿಸಿ, ಹೊರಮೈಗೆ ಉಕ್ಕಿನ ಪಟ್ಟಿ ಬಿಗಿದು ಬಗ್ಗಿಸುವ ದಾರಿ ಹಿಡಿದ. ಹೊರಮೈಯ ನಾರು ಎಳೆತಕ್ಕೆ ಸಿಕ್ಕಿ ಹರಿಯದಂತೆ ಆ ಪಟ್ಟಿ ಕಾಯುತ್ತದೆ. 1859ರ ಅವನ 14ನೇ ನಂಬರಿನ ಕುರ್ಚಿ ಕಾಫಿ ಅಂಗಡಿಗಳ ಕುರ್ಚಿಯಾಗಿ ಲೋಕ ಸುತ್ತಿತು. ಮುಂದೆ ತೇವ ತಡೆಯುವ ಅಂಟುಗಳು ಬಂದ ಮೇಲೆ ಪದರಮರಕ್ಕೆ ಮತ್ತೆ ಜೀವ ಬಂತು. ಮಳೆಗಾಲದಲ್ಲಿ ಬಾಗಿಲುಗಳು ಉಬ್ಬಿಕೊಳ್ಳುವ ನಮ್ಮಂಥ ಊರುಗಳಲ್ಲಿ ಈ ಕೆಲಸ ಮಾಡುವವರು ಥೋನೆಟ್‌ನ ಆ ಅನುಭವವನ್ನು ನೆನಪಿಡಬೇಕು. ಮರ ಆರಿಸಿದಷ್ಟೇ ಜೋಪಾನವಾಗಿ ಅಂಟನ್ನೂ ಆರಿಸಬೇಕು.

ಹೆಲ್ಸಿಂಕಿಗೆ ಹಿಂತಿರುಗಿದ ಮೇಲೆ 4ನೇ ನಂಬರಿನ ಟ್ರ್ಯಾಮಿನಲ್ಲಿ ಮುಂಕ್ಕಿನಿಯೆಮಿಗೆ ಹೋದೆ. ಅಲ್ಲಿದೆ ಆಲ್ಟೊ ದಂಪತಿ 1936ರಲ್ಲಿ ಕಟ್ಟಿಕೊಂಡ ಮನೆ. ಹೊರಗೆ ಬಿಳಿ ಬಳಿದ ಇಟ್ಟಿಗೆ ಮತ್ತು ಕಪ್ಪು ಮರ, ಒಳಗೆ ಆಡಂಬರ ಯಾವುದೂ ಇಲ್ಲ. 1935ರಲ್ಲಿ ಆಲ್ಟೊ, ಐನೊ, ಮೈರೆ ಗುಲ್ಲಿಕ್ಸೆನ್ ಮತ್ತು ನಿಲ್ಸ್-ಗುಸ್ತಾವ್ ಹಾಲ್ ಸೇರಿ ಆರ್ಟೆಕ್ ಎಂಬ ಕಂಪನಿ ಕಟ್ಟಿ ಈ ಪೀಠೋಪಕರಣಗಳನ್ನು ಮಾರತೊಡಗಿದರು. ಹಳೆಯ ಆರ್ಟೆಕ್ ಸಾಮಾನುಗಳನ್ನೇ ಕೊಂಡು ಮಾರುವ ಅಂಗಡಿ ಹೆಲ್ಸಿಂಕಿಯಲ್ಲಿದೆ. ಶಾಲೆಯಿಂದಲೋ ಗ್ರಂಥಾಲಯದಿಂದಲೋ ಬಂದ ಸ್ಟೂಲುಗಳು ಅಲ್ಲಿ ಒಂದರ ಮೇಲೊಂದು ಸುರುಳಿ ಮೆಟ್ಟಿಲಾಗಿ ಏರಿದ್ದವು. ಇದು 1933ರ ಸ್ಟೂಲ್ 60: ಒಂದು ದುಂಡು ಹಲಗೆ, ಮೂರು ಬಾಗಿದ ಕಾಲು, ಅಷ್ಟೇ. ಕಾಲಿನ ಗುಟ್ಟು ಅದರ ಮೊಣಕೈಯಲ್ಲಿದೆ. ಗಟ್ಟಿ ಬರ್ಚ್ ಕೋಲಿನ ತುದಿಯಲ್ಲಿ, ಬಾಗಬೇಕಾದಷ್ಟು ಉದ್ದಕ್ಕೆ ಮಾತ್ರ, ನಾರಿನ ಗುಂಟ ಸಣ್ಣ ಸೀಳುಗಳನ್ನು ಕೊಯ್ಯುತ್ತಾರೆ. ಆ ಸೀಳುಗಳಲ್ಲಿ ಅಂಟು ಸವರಿದ ತೆಳುಪದರ ತೂರಿಸಿ ಸಮಕೋನಕ್ಕೆ ಬಗ್ಗಿಸುತ್ತಾರೆ. ಕೆಳಗೆ ಗಟ್ಟಿಮರ, ಮೇಲೆ ಪದರಮರ, ನಡುವೆ ಜೋಡಣೆಯೇ ಇಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಕೊರ್ಹೊನೆನ್‌ನ ಕಾರ್ಖಾನೆಯಲ್ಲಿ ಬೆಳೆದ ಮರವೇ ಬಗ್ಗಿತು, ಯಾಕೆಂದರೆ ಅದರ ನಾರಿನ ದಿಕ್ಕಿಗೆ ಯಾರೂ ಅಡ್ಡ ಹೋಗಲಿಲ್ಲ. ಈ ಕಾಲುಗಳು ಇಂದಿಗೂ ಟುರ್ಕು ಸೀಮೆಯಲ್ಲೇ ತಯಾರಾಗುತ್ತವೆ.

ಸಂಜೆ ನಾಲ್ಕಕ್ಕೆ ಕತ್ತಲು ಬಿದ್ದ ಮೇಲೆ ಎಸ್ಪೊದ ಬೀದಿಯಲ್ಲಿ ನಡೆದು ಮನೆಗೆ ಹೋಗುವಾಗ ಕಿಟಕಿ ಕಿಟಕಿಯಲ್ಲೂ ತೂಗುದೀಪ. ಕೆಲವು ಬರ್ಚ್ ಪಟ್ಟಿಗಳಿಂದಲೇ ಮಾಡಿದವು. ಸೆಪ್ಪೊ ಕೊಹೊ ವಿನ್ಯಾಸ ಮಾಡಿದ ಸೆಕ್ಟೊ ಕಂಪನಿಯ ದೀಪವೊಂದು ತಂಗಿಯ ಮಗಳ ಊಟದ ಮೇಜಿನ ಮೇಲೂ ಇತ್ತು. ಬಾಗಿದ ಪಟ್ಟಿಗಳನ್ನು ಬೆರಳಗಲ ಬಿಟ್ಟು ನಿಲ್ಲಿಸಿದ್ದಾರೆ. ಪ್ರತಿ ಪಟ್ಟಿಯೂ ತನ್ನ ಪಕ್ಕದ ಪಟ್ಟಿಗೆ ಬೆಳಕು ಎರಚುತ್ತದೆ, ಬಲ್ಬು ಮಾತ್ರ ಕಾಣುವುದಿಲ್ಲ. ಬಿಳಿ ಮರದಿಂದ ತಿರುಗಿ ಬಂದ ಬೆಳಕಿಗೆ ಜೇನಿನ ಬಣ್ಣ ಹತ್ತಿರುತ್ತದೆ. "ಚಳಿಗಾಲದಲ್ಲಿ ಆಫೀಸಿಗೆ ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು ದೊಡ್ಡಮ್ಮ. ಮೊದಲನೇ ವರ್ಷ ತುಂಬಾ ಕಷ್ಟ ಆಯ್ತು. ಇದನ್ನ ಹಾಕಿಸಿದ ಮೇಲೆ ಮನೇಗೆ ಬಂದ್ರೆ ಮನೇಗೆ ಬಂದ ಹಾಗಾಗತ್ತೆ" ಎಂದಳು. ಅವಳು ಅಷ್ಟು ಹೇಳಿದ್ದರಲ್ಲಿ ಆ ದೇಶದವರು ದೀಪಕ್ಕೆ ಯಾಕಿಷ್ಟು ತಲೆ ಕೊಡುತ್ತಾರೆಂಬುದು ತಿಳಿಯಿತು.

ಬೆಂಗಳೂರಿಗೆ ಬಂದವಳು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಗೆ ಹೋದೆ. ಜೊತೆಗೆ ನಮ್ಮ ಬೀದಿಯ ಆಚಾರ್ರು. ದೊಡ್ಡ ಗರಗಸದ ಕೆಲಸಕ್ಕೆ ಅವರ ಕೈಯೇ ಬೇಕು. "ತೇಗ ಹಾಕ್ಬಿಡಿ ಅಮ್ಮ, ನೂರು ವರ್ಷ ಇರ್ತದೆ" ಎಂದರು. ತೇಗದ ಮೈಯಲ್ಲಿ ಎಣ್ಣೆಯ ಅಂಶವಿದೆ. ಅಂಟಿಸುವ ಮೊದಲು ತಿನ್ನರ್‌ನಿಂದ ಒರೆಸದಿದ್ದರೆ ಅಂಟು ಹಿಡಿಯುವುದು ಕಷ್ಟ. ಹತ್ತು ಪದರದ ಕೆಲಸಕ್ಕೆ ಅದು ಹೊಂದುವುದಿಲ್ಲ. ನನಗೆ ಬೇಕಿದ್ದದ್ದು ಸಿಲ್ವರ್ ಓಕ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ನೆಟ್ಟ, ಕಾಳುಮೆಣಸಿನ ಬಳ್ಳಿ ಹಬ್ಬಿಸಿಕೊಂಡು ಮುಗಿಲಿಗೆ ಏರಿದ ಆಸ್ಟ್ರೇಲಿಯಾ ಮೂಲದ ಮರ. ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ. "ಅದಾ? ಅದು ಪ್ಲೈವುಡ್ ಒಳಗೆ ತುಂಬೋ ಮರ ಅಲ್ವಾ!" ಎಂದು ಆಚಾರ್ರು ನಿಂತುಬಿಟ್ಟರು. ಪ್ಲೈವುಡ್ ಕಾರ್ಖಾನೆಯವರು ದಿಮ್ಮಿಯನ್ನು ತಿರುಗಿಸುತ್ತ ಉದ್ದನೆಯ ಅಲಗಿನಿಂದ ಸುಲಿದು ತೆಗೆಯುವ ಹಾಳೆಗೆ ಕೋರ್ ವೆನೀರ್ ಎನ್ನುತ್ತಾರೆ. ಒಂದೂವರೆ ಮಿಲಿಮೀಟರ್ ದಪ್ಪದ ಆ ಹಾಳೆಗಳನ್ನು ಒಳಪದರಕ್ಕೆ ತಂದೆ. ಹೊರಮೈಗೆ ಅದೇ ಮರವನ್ನು ಬೇರೆ ದಿಕ್ಕಿನಲ್ಲಿ ಕೊಯ್ದು ತೆಗೆದ ಅರ್ಧ ಮಿಲಿಮೀಟರಿನ ವೆನೀರ್. ಅದರಲ್ಲಿ ಮಾತ್ರ ಸಿಲ್ವರ್ ಓಕಿನ ಜಾಲರಿ ಚುಕ್ಕೆಗಳು ಕಾಣುತ್ತವೆ.

ಅಮ್ಮನನ್ನು ಮಂಚದ ಮೇಲೆ ಎರಡು ದಿಂಬಿಗೆ ಒರಗಿಸಿ ಕೂರಿಸಿ ನೆಲದಿಂದ ಅವಳ ಕಣ್ಣಿನ ಎತ್ತರವನ್ನು ಟೇಪಿನಲ್ಲಿ ಅಳೆದೆ. ಅವಳು ಪುಸ್ತಕ ಹಿಡಿಯುವ ಜಾಗವನ್ನೂ ಗುರುತಿಸಿಕೊಂಡೆ. ಪುಟ ಓದುವವರ ಕಡೆಗೆ, ಅಂದರೆ ಹಿಂದಿನ ಗೋಡೆಯ ಕಡೆಗೆ ಮುಖ ಮಾಡಿರುತ್ತದೆ. ಹಾಗಾಗಿ ಬೆಳಕು ಬಲ್ಬಿನಿಂದ ಗೋಡೆಗೆ, ಗೋಡೆಯಿಂದ ಅವಳ ಭುಜ ದಾಟಿ ಪುಟಕ್ಕೆ ಬರಬೇಕು. ಹನ್ನೆರಡು ಸೆಂಟಿಮೀಟರ್ ಅಗಲದ ಮರದ ಪಟ್ಟಿ ಮಂಚದ ಹಿಂದಿನಿಂದ ಎದ್ದು, ಮೇಲೆ ಹದಿನೈದು ಸೆಂಟಿಮೀಟರ್ ತ್ರಿಜ್ಯದಲ್ಲಿ ಮುಂದಕ್ಕೆ ಬಾಗಿ, ತುದಿ ಕೆಳಕ್ಕಿಳಿಯಬೇಕು. ಎಲ್‌ಇಡಿ ಪಟ್ಟಿ ಆ ಬಾಗಿನ ಒಳಗೆ, ಗೋಡೆಗೆ ಮುಖ ಮಾಡಿ. ಮಲಗಿದವರಿಗೆ ಕಾಣುವುದು ಮರ ಮಾತ್ರ.

ಈ ಆಕಾರವನ್ನು ಹಳೆಯ ಪ್ಲೈವುಡ್ ತುಂಡುಗಳ ಮೇಲೆ ಬರೆದು ಕೊಯ್ದು, ಒಂದರ ಪಕ್ಕ ಒಂದು ಜೋಡಿಸಿ ಅಚ್ಚು ಮಾಡಿಕೊಂಡೆ. ದೀಪದ ಬುಡದಲ್ಲಿ ಹತ್ತು ಪದರ. ಮೇಲೆ ಹೋದಂತೆ ಒಳಪದರಗಳನ್ನು ಒಂದೊಂದಾಗಿ ನಿಲ್ಲಿಸುತ್ತ ತುದಿಯಲ್ಲಿ ಮೂರೇ ಉಳಿಯುವಂತೆ ಜೋಡಣೆ. ಮೂರೇ ಪದರವಿರುವ ತುದಿ ಹೆಚ್ಚು ಬಿಚ್ಚಿಕೊಳ್ಳುತ್ತದೆಂಬ ಲೆಕ್ಕ ಗೊತ್ತಿದ್ದುದರಿಂದ ಅಲ್ಲಿ ಅಚ್ಚಿನ ಬಾಗನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಕೊಯ್ದಿದ್ದೆ. ಅಂಟು ಅಚ್ಚಿಗೆ ಹತ್ತದಂತೆ ಅಚ್ಚಿನ ಮೈಗೆ ಅಗಲ ಸೆಲ್ಲೋಟೇಪು. ನಡುವಿನ ಎರಡು ಪದರಗಳನ್ನು ಉದ್ದಕ್ಕೆ ಸೀಳಿ ನಡುವೆ ಕಿರುಬೆರಳಿಗಿಂತ ಕಿರಿದಾದ ಸಂದು ಬಿಟ್ಟೆ. ವೈರು ಹೋಗುವ ದಾರಿ ಅದು. ಅಂಟು ತುಂಬಿಕೊಳ್ಳದಿರಲೆಂದು ಆ ಸಂದಿಗೆ ಮೇಣ ಸವರಿದ ನೈಲಾನ್ ಹಗ್ಗ ಹಾಸಿ, ಕೆಲಸ ಮುಗಿದ ಮೇಲೆ ಎಳೆದು ತೆಗೆಯುವುದು.

ಸುಲಿದು ತೆಗೆದ ವೆನೀರಿಗೆ ಎರಡು ಮೈ. ಒಂದನ್ನು ಬೆರಳಿನಿಂದ ಸವರಿದರೆ ನಯ. ಇನ್ನೊಂದರಲ್ಲಿ ಅಲಗು ಎಬ್ಬಿಸಿದ ಕೂದಲೆಳೆಯ ಬಿರುಕುಗಳಿರುತ್ತವೆ. ಹಾಳೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ನಾರಿಗೆ ಅಡ್ಡ ಬಗ್ಗಿಸಿದರೆ ಬಿರುಕಿನ ಮೈ ಹೊರಗಿದ್ದಾಗ ಸಲೀಸಾಗಿ ಬಾಗುತ್ತದೆ, ಸಣ್ಣಗೆ ಚಿಟಿಚಿಟಿ ಎನ್ನುತ್ತದೆ. ಆ ಮೈಯನ್ನು ಬಾಗಿನ ಒಳಬದಿಗೆ ಇಡಬೇಕು. ಒಳಬದಿ ಒತ್ತಿಕೊಳ್ಳುವ ಬದಿ, ಅಲ್ಲಿ ಬಿರುಕುಗಳು ಮುಚ್ಚುತ್ತವೆ. ಹೊರಬದಿಗಿಟ್ಟರೆ ಎಳೆದುಕೊಂಡು ಬಾಯಿಬಿಡುತ್ತವೆ. ಹಾಳೆ ಹಾಳೆಗೂ ಪೆನ್ಸಿಲಿನಲ್ಲಿ ಗುರುತು ಹಾಕಿ ಜೋಡಿಸಿಕೊಂಡೆ.

ಅಂಟು ಯೂರಿಯಾ-ಫಾರ್ಮಾಲ್ಡಿಹೈಡ್. ಮರಗೆಲಸದ ಮಾಮೂಲಿ ಬಿಳಿ ಅಂಟು ಒಣಗಿದ ಮೇಲೂ ತುಸು ಮೆದುವಾಗಿರುತ್ತದೆ; ಸದಾ ಬಿಗಿತದಲ್ಲಿರುವ ಬಾಗಿನಲ್ಲಿ ಪದರಗಳು ವರ್ಷಗಳ ಮೇಲೆ ಕೂದಲೆಳೆಯಷ್ಟು ಜಾರುತ್ತ ಹೋಗುತ್ತವೆ. ಯೂರಿಯಾ ಅಂಟು ಗಾಜಿನಂತೆ ಗಡುಸಾಗಿ ನಿಲ್ಲುತ್ತದೆ. ಅದರ ಘಾಟು ಕೆಟ್ಟದ್ದು, ಮುಖಗವಸು ಕಟ್ಟಿಕೊಂಡು ಬಯಲಲ್ಲೇ ಕಲಸಬೇಕು. ಸಿಲ್ವರ್ ಓಕಿನ ಧೂಳು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲವಾದ್ದರಿಂದ ಉಜ್ಜುವಾಗ ಕೈಗವಸೂ ಬೇಕು. ಬಿಸಿಲೇರಿದರೆ ಅಂಟು ಬೇಗ ಗಟ್ಟಿಯಾಗುತ್ತದೆಂದು ನಸುಕಿಗೇ ಶುರುಮಾಡಿದೆವು. ರೋಲರಿನಿಂದ ಪ್ರತಿ ಪದರಕ್ಕೂ ಅಂಟು ಬಳಿದು, ಕಟ್ಟು ಮಾಡಿ ಅಚ್ಚಿನ ಮೇಲಿಟ್ಟು, ಬಾಗಿನ ನಡುಮಧ್ಯದಲ್ಲಿ ಮೊದಲ ಕ್ಲಾಂಪ್. ಅಲ್ಲಿಂದ ಎರಡೂ ಕಡೆಗೆ ಸರಿಯುತ್ತ ಬಿಗಿಯಬೇಕು. ತುದಿಗಳನ್ನು ಮೊದಲೇ ಬಿಗಿದರೆ ಪದರಗಳಿಗೆ ಜಾರಲು ಜಾಗವಿಲ್ಲದೆ ನಡುವೆ ಉಬ್ಬಿಬಿಡುತ್ತವೆ. ಕ್ಲಾಂಪ್ ಕೂರದ ಕಡೆ ಆಚಾರ್ರು ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದೆಳೆದು ಸುತ್ತಿದರು. ರಬ್ಬರಿನ ಎಳೆತ ಎಲ್ಲ ಕಡೆಗೂ ಒಂದೇ ಸಮ ಒತ್ತುತ್ತದೆ. ಪದರಗಳ ಸಂದಿಯಿಂದ ಅಂಟು ಉದ್ದಕ್ಕೂ ಸಣ್ಣ ಮಣಿಗಳಾಗಿ ಹೊರಬಂದರೆ ಬಿಗಿ ಸರಿಯಾಗಿದೆಯೆಂದು ಅರ್ಥ.

ಮಾರನೆಯ ದಿನ ಕ್ಲಾಂಪ್ ಬಿಚ್ಚಿದಾಗ ಬಾಗು ಕದಲಲಿಲ್ಲ. ತೆಳು ತುದಿ ಮಾತ್ರ ಲೆಕ್ಕ ಹೇಳಿದಷ್ಟು ಬಿಚ್ಚಿಕೊಂಡು, ಬೇಕಾದ ಗೆರೆಗೆ ಬಂದು ನಿಂತಿತು. ತೇವ ಎಲ್ಲ ಕಡೆ ಸಮವಾಗಲೆಂದು ಕೆಲವು ದಿನ ನೆರಳಲ್ಲಿ ಬಿಟ್ಟು, ಆಮೇಲೆ ಅಂಚುಗಳಿಗೆ ಕೀಸುಳಿ ಹೊಡೆದದ್ದು. ಅಂಟಿನ ಒರಟು ಸಿಪ್ಪೆ ಎದ್ದುಹೋಗಿ ಪದರಗಳ ಗೆರೆ ಮೇಲೆ ಬಂತು. ಬುಡದಲ್ಲಿ ಒತ್ತಾಗಿ, ಮೇಲೇರುತ್ತ ಒಂದೊಂದಾಗಿ ಮುಗಿದು, ಬಾಗು ದಾಟುವಾಗ ಮೂರೇ ಆಗಿ. ಕೈಗೆ ತಾಗುವ ಎಲ್ಲ ಕಡೆ ಉಪ್ಪುಕಾಗದ ಉಜ್ಜಿ, ಬಟ್ಟೆಯಲ್ಲಿ ಅಗಸೆ ಎಣ್ಣೆ ಸವರಿದೆ. ಬುಡಕ್ಕೆ ಅಡುಗೆಮನೆಯ ಕಟ್ಟೆ ಹಾಕಿಸಿದಾಗ ಉಳಿದಿದ್ದ ಕಡಪಾ ಕಲ್ಲಿನ ತುಂಡು. ಮುಂದಕ್ಕೆ ವಾಲುವ ದೀಪಕ್ಕೆ ಆ ಭಾರ ಬೇಕೇ ಬೇಕು. ಎಸ್.ಜೆ.ಪಿ. ರಸ್ತೆಯಲ್ಲಿ ಕೊಂಡ 12 ವೋಲ್ಟಿನ, ಹಳದಿ ಛಾಯೆಯ ಎಲ್‌ಇಡಿ ಪಟ್ಟಿಯನ್ನು ನೇರ ಮರಕ್ಕೆ ಅಂಟಿಸದೆ ಅಲ್ಯೂಮಿನಿಯಂ ಚಾನಲಿನಲ್ಲಿ ಕೂರಿಸಿದೆ, ಶಾಖ ಮರಕ್ಕೆ ಇಳಿಯದಿರಲಿ ಎಂದು. ಅಡಾಪ್ಟರು ಮಂಚದಿಂದ ದೂರ, ಗೋಡೆಯ ಬಳಿ.

ದೀಪ ಹಚ್ಚಿದಾಗ ಗೋಡೆಯ ಮೇಲೆ ಬೆಳಕು ಅಗಲವಾಗಿ ಹರಡಿತು. ಗೋಡೆಯಿಂದ ತಿರುಗಿ ಬಂದ ಬೆಳಕು ಮೂರು ಪದರದ ತುದಿಯ ಅಂಚಿನಲ್ಲಿ, ಮರ ತೀರಾ ತೆಳುವಾಗುವ ಕಡೆ, ಕೆಂಪಗೆ ಹಾದು ಬಂತು. ಸಿಲ್ವರ್ ಓಕಿನ ಜಾಲರಿ ಚುಕ್ಕೆಗಳು ಒಂದೊಂದೂ ಬಿಡಿಬಿಡಿಯಾಗಿ ಕಂಡವು. ಆಚಾರ್ರು ಹತ್ತಿರ ಬಂದು ಅದನ್ನೇ ನೋಡಿದರು. "ಇಷ್ಟು ವರ್ಷ ಈ ಮರ ಕೊಯ್ದಿದೀನಿ, ಒಳಗೆ ಈ ಥರ ಇದೆ ಅಂತ ನೋಡೇ ಇರ್ಲಿಲ್ಲ ಅಮ್ಮ" ಎಂದರು. ಅಮ್ಮ ಒರಗಿಕೊಂಡು ಪುಸ್ತಕ ತೆರೆದಳು. ದೀಪ ಹೇಗಿದೆ ಎಂದು ಕೇಳಿದರೆ "ಬೆಳಕು ಚೆನ್ನಾಗಿದೆ" ಎಂದಳು. ಮಲಗಿದವರಿಗೆ ಬೇಕಾದದ್ದೂ ಅಷ್ಟೇ.

ಆಚಾರ್ರ ಆ ಮಾತು ನನ್ನನ್ನು ಬಿಟ್ಟಿಲ್ಲ. ಫಿನ್‌ಲೆಂಡಿನವರು ತಮ್ಮ ಕಾಡಿನ ತೀರಾ ಮಾಮೂಲಿ ಮರವನ್ನು ಹಿಡಿದು, ಅತಿ ಅಸಹಾಯಕ ಸ್ಥಿತಿಯಲ್ಲಿದ್ದ ಮನುಷ್ಯನಿಗಾಗಿ ಬಗ್ಗಿಸಿದರು. ಹಾಗೆ ಹುಟ್ಟಿದ ಕುರ್ಚಿ ಇಂದು ಲೋಕದ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿದೆ. ಆ ಸ್ಟೂಲು ಶಾಲೆ, ಗ್ರಂಥಾಲಯ, ಅಡುಗೆಮನೆಗಳಲ್ಲಿ ದಿನಬಳಕೆಯಲ್ಲಿದೆ. ನಮ್ಮ ಮಲೆನಾಡಿನ ತೋಟಗಳಲ್ಲಿ ಸಾಲುಸಾಲಾಗಿ ನಿಂತ ಸಿಲ್ವರ್ ಓಕ್ ಲಾರಿಯೇರಿ ಹೋಗಿ ಪ್ಲೈವುಡ್ಡಿನ ಒಳಗೆ ಯಾರಿಗೂ ಕಾಣದಂತೆ ಸೇರಿಹೋಗುತ್ತದೆ, ಅದರ ಮೇಲೆ ದೂರದೇಶದ ಮರದ ವೆನೀರೋ ಮರದ ಚಿತ್ರ ಅಚ್ಚಾದ ಸನ್‌ಮೈಕಾ ಹಾಳೆಯೋ ಕೂರುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನದ ರಾಷ್ಟ್ರೀಯ ಸಂಸ್ಥೆಯಿದೆ, ತುಮಕೂರು ರಸ್ತೆಯಲ್ಲಿ ಪ್ಲೈವುಡ್ ಸಂಶೋಧನೆಗೆಂದೇ ಕಟ್ಟಿದ ಪ್ರಯೋಗಾಲಯಗಳಿವೆ, ಸುಲಿಯುವ ಯಂತ್ರಗಳಿವೆ, ಆಚಾರ್ರಂಥ ಕೈಗಳಿವೆ. ವಯಸ್ಸಾದವರು, ಕಣ್ಣು ಮಂಜಾದವರು, ಹಾಸಿಗೆ ಹಿಡಿದವರು ಪ್ರತಿ ಮನೆಯಲ್ಲೂ ಇದ್ದಾರೆ. ನಮ್ಮಲ್ಲಿ ಇಲ್ಲದಿರುವುದು ಟುರ್ಕುವಿನಲ್ಲಿ ನಡೆದಂಥ ಒಡನಾಟ: ಗೆರೆ ಎಳೆಯುವವರು ಕಾರ್ಖಾನೆಗೆ ಹೋಗಿ ಕೂತು, ಮರ ಬಲ್ಲವರ ಮಾತು ಕೇಳಿ, ಗೆರೆ ತಿದ್ದಿಕೊಳ್ಳುವುದು. ವಿನ್ಯಾಸ ಕಲಿಯುತ್ತಿರುವ ಹುಡುಗ ಹುಡುಗಿಯರು ಪೈಮಿಯೊಗೆ ಹೋಗಲಾಗದಿದ್ದರೂ ಕುಶಾಲನಗರದ ಕಡೆಯ ಮರದ ಡಿಪೋಗಳಿಗೆ ಒಂದು ದಿನ ಹೋಗಿಬರಬಹುದು. ಅಲ್ಲಿಂದ ಬಂದ ಮೇಲೆ ಮನೆಯಲ್ಲಿ ಮಲಗಿರುವ ಅಜ್ಜಿಯ ದಿಂಬಿನ ಮಟ್ಟಕ್ಕೆ ಕಣ್ಣು ತಂದು ಒಮ್ಮೆ ಕೋಣೆಯನ್ನು ನೋಡಲಿ. ಏನು ಮಾಡಬೇಕು, ಮರವನ್ನು ಎಷ್ಟು ಬಗ್ಗಿಸಬೇಕು ಎಂಬುದು ಅಲ್ಲೇ ತಿಳಿಯುತ್ತದೆ.